ಪಿಸುಮಾತು ಯಾವ ದಾರಿ ಹಿಡಿಯುತ್ತದೆ?

ನಾನು ವಿಜಯಪುರದಲ್ಲಿ ಪದವಿ ತರಗತಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಶಬ್ದದ ಪಾಠವನ್ನು ಈಗ ಗೋಲಗುಮ್ಮಟದಿಂದಲೇ ಶುರು ಮಾಡುತ್ತೇನೆ. ಗುಮ್ಮಟದ ಒಳಸುತ್ತಿನ ಗ್ಯಾಲರಿಯಲ್ಲಿ ನಿಂತು, ಗೋಡೆಗೆ ಮುಖ ಮಾಡಿ ನೀವು ಪಿಸುಗುಟ್ಟುತ್ತೀರಿ. ಸುಮಾರು 38 ಮೀಟರ್ ಆಚೆ, ಎದುರಿನ ಗೋಡೆಗೆ ಕಿವಿಯಿಟ್ಟ ಗೆಳತಿಗೆ ಅದು ಕೇಳುತ್ತದೆ. ಆ ಮಾತು ನಡುವೆ ನೆಟ್ಟಗೆ ಹಾದುಹೋಯಿತೋ, ಗೋಡೆಗುಂಟ ಸುತ್ತಿ ಹೋಯಿತೋ?

ಉತ್ತರ ನಾನು ಹೇಳುವುದಿಲ್ಲ. ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರ ಬರೆಯಬೇಕು, ಆಮೇಲೆ ಕೈ ಎತ್ತಬೇಕು. ಹೆಚ್ಚಿನವರು ‘ನೆಟ್ಟಗೆ’ ಅನ್ನುತ್ತಾರೆ. ಹತ್ತಿರದ ದಾರಿ ಅದೇ ಅಲ್ವಾ? ಈಗ ಪಕ್ಕದವರ ಜೊತೆ ವಾದ ಮಾಡಿ ಎನ್ನುತ್ತೇನೆ. ತರಗತಿ ಸಂತೆಯಾಗುತ್ತದೆ. “ಬಯಲಾಗ ಪಿಸುಗುಟ್ಟಿದ್ರ ಹತ್ತು ಹೆಜ್ಜಿ ಆಚೆ ಕೇಳಂಗಿಲ್ಲ, ಅಷ್ಟು ದೂರ ಹೆಂಗ ಕೇಳ್ತದ?” ಎಂದು ಒಬ್ಬಳು ಪಟ್ಟು ಹಿಡಿಯುತ್ತಾಳೆ. ಮತ್ತೆ ಕೈ ಎತ್ತಿಸಿದಾಗ ಲೆಕ್ಕ ಬದಲಾಗಿರುತ್ತದೆ.

ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ರೂಪಿಸಿದವರು ಹಾರ್ವರ್ಡ್‌ನ ಪ್ರಾಧ್ಯಾಪಕ ಎರಿಕ್ ಮಜೂರ್. ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕ ಬಿಡಿಸುತ್ತಿದ್ದರು. ಆದರೆ ಲಾರಿಗೂ ಕಾರಿಗೂ ಡಿಕ್ಕಿಯಾದರೆ ಯಾವುದರ ಮೇಲೆ ಜಾಸ್ತಿ ಬಲ ಬೀಳುತ್ತದೆ ಎಂಬಂಥ ಸರಳ ಪ್ರಶ್ನೆಗೆ ಎಡವುತ್ತಿದ್ದರು. ನೀವು ಕಲಿಸಿದಂತೆ ಬರೆಯಲೋ, ನಾನು ಅಂದುಕೊಂಡಂತೆ ಬರೆಯಲೋ ಎಂದು ಒಬ್ಬರು ಕೇಳಿಯೇಬಿಟ್ಟರಂತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವರ್ಷಗಟ್ಟಲೆ ನಾನೂ ಬೋರ್ಡ್ ತುಂಬ ಬರೆದು, ಮಕ್ಕಳು ಅದನ್ನು ಇಳಿಸಿಕೊಂಡದ್ದೇ ಕಲಿಕೆ ಅಂದುಕೊಂಡಿದ್ದೆ.

ಪಕ್ಕದವರ ಮಾತು ಯಾಕೆ ನಾಟುತ್ತದೆ? ನಾನು ಇದನ್ನು ಕಲಿತು ಎಷ್ಟೋ ಕಾಲವಾಯಿತು. ತೊಡಕು ಎಲ್ಲಿತ್ತು ಅನ್ನುವುದೇ ನನಗೆ ಮರೆತಿದೆ. ಈಗಷ್ಟೇ ದಾಟಿ ಬಂದವಳಿಗೆ ಅದು ಚೆನ್ನಾಗಿ ನೆನಪಿದೆ.

ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು 2014ರಲ್ಲಿ ಬಂತು. ಬರೀ ಉಪನ್ಯಾಸ ಕೇಳಿದವರಲ್ಲಿ ಫೇಲಾದವರು ಸುಮಾರು ಶೇ 34. ಚರ್ಚಿಸಿ, ಕೈಯಾರೆ ಮಾಡಿ ಕಲಿತವರಲ್ಲಿ ಸುಮಾರು ಶೇ 22. ಇದು ಸಣ್ಣ ಅಂತರವಲ್ಲ. ಸಿಂದಗಿ, ಇಂಡಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ, ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ನಮ್ಮಲ್ಲಿದ್ದಾರೆ. ಅವರಿಗೆ ಫೇಲ್ ಅಂದರೆ ಎಷ್ಟೋ ಸಲ ಓದೇ ನಿಂತಂತೆ. ಹುಡುಗಿಯಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ.

ಪ್ರೊಜೆಕ್ಟರ್ ತಂದು ಅದೇ ಉಪನ್ಯಾಸ ತೋರಿಸಿದರೆ ಏನೂ ಬದಲಾಗದು. ಯೋಚಿಸುವ ಕೆಲಸ ವಿದ್ಯಾರ್ಥಿಯ ಪಾಲಿಗೆ ಬರಬೇಕು. ಅದು ಸುಸ್ತಿನ ಕೆಲಸ. “ಸರ್, ನೀವೇ ಹೇಳಿಬಿಡ್ರಿ” ಅನ್ನುವವರು ಇದ್ದೇ ಇದ್ದಾರೆ. ಹಾರ್ವರ್ಡ್‌ನಲ್ಲೇ 2019ರ ಅಧ್ಯಯನವೊಂದು ಇದನ್ನು ತೋರಿಸಿತು. ಹೀಗೆ ಕಲಿತವರು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಅಂದುಕೊಂಡಿದ್ದರು. ಸಲೀಸಾದ ಉಪನ್ಯಾಸ ಕೇಳುವಾಗ ಎಲ್ಲ ತಿಳಿದಂತೆಯೇ ಇರುತ್ತದೆ.

ಪಿಸುಮಾತು ಗೋಡೆಗುಂಟವೇ ಹೋಗುತ್ತದೆ. ಬಾಗಿದ ಗೋಡೆ ಅದನ್ನು ಚದುರಲು ಬಿಡದೆ ತನ್ನ ಮಗ್ಗುಲಲ್ಲೇ ಸಾಗಿಸುತ್ತದೆ. ಸಿ.ವಿ. ರಾಮನ್ ಕೂಡ 1920ರ ದಶಕದ ಆರಂಭದಲ್ಲಿ ಇದೇ ಗುಮ್ಮಟವನ್ನು ಅಧ್ಯಯನ ಮಾಡಿದ್ದರು. ನಮ್ಮ ಕೆಲವು ಮಕ್ಕಳು ಒಂದು ಭಾನುವಾರ, ಜನ ಸೇರುವ ಮೊದಲೇ ಹೋಗಿ ಪರೀಕ್ಷಿಸಿದರು. ಗೋಡೆ ಬಿಟ್ಟು ಈಚೆ ಸರಿದಂತೆ ಮಾತು ಕ್ಷೀಣಿಸಿತಂತೆ. ಸೋಮವಾರ ಬಂದವರೇ ಕೇಳಿದರು: “ಸರ್, ಒದರಿದ್ರ ಎಲ್ಲಾ ಕಲಸಿ ಹೋಗ್ತದ. ಪಿಸುಗುಟ್ಟಿದ್ರ ಯಾಕ ಸ್ಪಷ್ಟ ಕೇಳ್ತದ?”

ಅದನ್ನೇ ಬೋರ್ಡ್ ಮೇಲೆ ಬರೆದೆ.