ಮಂಡಿ ಊದುವ ಮೊದಲೇ ಬರಬೇಕಾದ ಹಣ

"ಡಾಕ್ಟರೇ, ಮಂಡಿಯೊಳಗೆ ಜುಮ್ಮೆನ್ನುತ್ತಿದೆ" ಎಂದು ಎಂಟು ವರ್ಷದ ಹುಡುಗ ಹೇಳಿದರೆ ನಾನು ಊತ ಕಾಣುವವರೆಗೆ ಕಾಯುವುದಿಲ್ಲ. ಕೀಲಿನೊಳಗೆ ರಕ್ತ ಜಿನುಗತೊಡಗಿದ್ದು ನಮ್ಮೆಲ್ಲರಿಗಿಂತ ಮೊದಲು ಅವನಿಗೇ ಗೊತ್ತಾಗುತ್ತದೆ. ಆ ಹೊತ್ತಿಗೆ ಆಸ್ಪತ್ರೆಯ ಫ್ರಿಜ್‌ನಲ್ಲಿ ಫ್ಯಾಕ್ಟರ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಅಂಶದ ಔಷಧಿ, ಇರಬೇಕು. ಪುಡಿಗೆ ನೀರು ಬೆರೆಸಿ, ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ರಕ್ತನಾಳಕ್ಕೆ ಕೊಟ್ಟು ಮುಗಿಸಲು ಕಾಲು ಗಂಟೆ ಸಾಕು. ಫ್ಯಾಕ್ಟರ್ ಇಲ್ಲದಿದ್ದರೆ ಸಂಜೆಗೆ ಮಂಡಿ ತೆಂಗಿನಕಾಯಿಯಷ್ಟಾಗುತ್ತದೆ, ಚರ್ಮ ಬಿಗಿದು ಹೊಳೆಯುತ್ತದೆ, ಹೊದಿಕೆ ತಾಗಿದರೂ ಮಗು ಚೀರುತ್ತದೆ.

ಇದು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮರೋಗ ಎನ್ನುತ್ತೇವೆ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ ಅಂಶ, ಕೆಲವರಲ್ಲಿ ಒಂಬತ್ತನೆಯದು, ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಎಂಟನೆಯದರ ಕೊರತೆ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ. ಚಿಕ್ಕ ಗಾಯವಾದರೂ ರಕ್ತ ಸುರಿದು ಸಾಯುತ್ತಾರೆಂದು ಜನ ಹೆದರುತ್ತಾರೆ. ನಾನು ಹೆದರುವುದು ಹೊರಗೆ ಕಾಣದ ರಕ್ತಕ್ಕೆ. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ರಕ್ತ ತುಂಬಿದರೆ ಮೃದ್ವಸ್ಥಿ ಸವೆಯುತ್ತದೆ, ತೊಡೆ ಸೊರಗುತ್ತದೆ, ಕಾಲು ಮಡಿಚಿದಂತೆಯೇ ನಿಂತುಬಿಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. "ಸೋದರಮಾವನನ್ನು ಮದುವೆಯಾದದ್ದಕ್ಕೆ ಹೀಗಾಯಿತು", "ನಿನ್ನ ತವರಿನ ಕಾಯಿಲೆ" ಎಂಬ ಮಾತುಗಳನ್ನು ಈ ತಾಯಂದಿರು ವರ್ಷಗಟ್ಟಲೆ ಕೇಳಿಸಿಕೊಂಡಿರುತ್ತಾರೆ. ರಕ್ತಸಂಬಂಧದ ಮದುವೆ ಇದಕ್ಕೆ ಕಾರಣವಲ್ಲ. ದೋಷವಿರುವ ಜೀನ್ ತಾಯಿಯ ಎಕ್ಸ್ ವರ್ಣತಂತುವಿನ ಮೂಲಕ ಬರುವುದು ನಿಜ, ಆದರೆ ಸುಮಾರು ಮೂರರಲ್ಲಿ ಒಂದು ಮನೆಯಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಅಪರಾಧ ಯಾರದೂ ಅಲ್ಲ.

ಈಗ ಹಣದ ಮಾತು. ಕೊಟ್ಟ ಎಂಟನೆಯ ಅಂಶದ ಅರ್ಧದಷ್ಟು ಸುಮಾರು 12 ಗಂಟೆಗಳಲ್ಲಿ ಕರಗಿಹೋಗುತ್ತದೆ. ಹಾಗಾಗಿ ರಕ್ತಸ್ರಾವ ಆಗದಂತೆ ತಡೆಯಬೇಕೆಂದರೆ ವಾರಕ್ಕೆ ಎರಡು ಮೂರು ಬಾರಿ, ಜೀವನಪೂರ್ತಿ ಕೊಡುತ್ತಲೇ ಇರಬೇಕು. ಪ್ರಮಾಣ ತೂಕದ ಮೇಲೆ ನಿಲ್ಲುತ್ತದೆ: ಮಂಡಿಯ ರಕ್ತಸ್ರಾವಕ್ಕೆ 20 ಕಿಲೋ ಮಗುವಿಗೆ ಒಂದು ಸಲಕ್ಕೆ ಸುಮಾರು 400 ಯೂನಿಟ್ ಸಾಕಾದರೆ, ಅದೇ ಹುಡುಗ 50 ಕಿಲೋ ಆದಾಗ 1,000 ಬೇಕು. ಮಗ ಬೆಳೆದರೆ ಖರ್ಚೂ ಬೆಳೆಯುತ್ತದೆ. ಯಾವ ಕೂಲಿಯಿಂದ ಇದು ಸಾಧ್ಯ?

ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ಅವರೂ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯೂ ದಶಕಗಳಿಂದ ಈ ಮಕ್ಕಳ ಪರ ದುಡಿಯುತ್ತಾ ಬಂದಿದ್ದಾರೆ. ಇಂದು ನಮ್ಮ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತ. ನಾನು ಕೆಲಸ ಆರಂಭಿಸಿದಾಗ ಇದು ಕನಸಾಗಿತ್ತು. ಆದರೆ ಉಚಿತ ಎಂದ ಮಾತ್ರಕ್ಕೆ ಬೇಕಾದ ದಿನ ಸಿಗುತ್ತದೆ ಎಂದಲ್ಲ. ಒಮ್ಮೆ ಟೆಂಡರ್ ತಡವಾಗಿ ಮೂರು ವಾರ ಸ್ಟಾಕ್ ಇರಲಿಲ್ಲ. ಒಬ್ಬ ತಾಯಿ ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪಕ್ಕದ ಜಿಲ್ಲೆಗೆ ಹೋದರು. ಅವರು ತಲುಪುವ ಹೊತ್ತಿಗೆ ಒಂದೂವರೆ ದಿನ ಕಳೆದಿತ್ತು. ಆ ಮಂಡಿ ಈಗ ಪೂರ್ತಿ ನೇರವಾಗುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಹಿಮೋಫಿಲಿಯಾ ಇದೆ. ಆ ಹುಡುಗನ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ, ಉಳಿಸಬಹುದಾಗಿದ್ದ ಮಂಡಿ ಇದು ಎಂದು ನನ್ನ ಕೈ ತಡೆಯಿತು. ಮುಂದೆ ಅದನ್ನು ಬದಲಿಸಬೇಕಾಗಿ ಬಂದರೆ ಶಸ್ತ್ರಚಿಕಿತ್ಸೆಗೂ ಆಮೇಲಿನ ದಿನಗಳಿಗೂ ಹತ್ತಾರು ಸಾವಿರ ಯೂನಿಟ್ ಬೇಕು. ಮೂರು ವಾರದಲ್ಲಿ ಉಳಿಸಿದ ಹಣ ಅಲ್ಲಿ ಎಷ್ಟೋ ಪಟ್ಟು ಖರ್ಚಾಗುತ್ತದೆ.

ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ಮೂರು ತಿಂಗಳ ಸ್ಟಾಕ್ ಸದಾ ಮೀಸಲಿರಲಿ, ತರಬೇತಿ ಪಡೆದ ಮನೆಯವರಿಗೆ ಕೆಲವು ಸೀಸೆಗಳನ್ನು ಮೊದಲೇ ಕೊಟ್ಟಿರಲಿ ಎಂದು ನಾನು ಕೇಳುತ್ತಲೇ ಇದ್ದೇನೆ. ಆ ತಾಯಿ ಈಗ ಸೂಜಿ ಹಾಕಲು ಕಲಿತಿದ್ದಾರೆ. ತಿಂಗಳ ಮೊದಲ ವಾರ ಅವರ ಫೋನ್ ಬರುತ್ತದೆ: "ಸ್ಟಾಕ್ ಬಂದಿದೆಯೇ, ಡಾಕ್ಟರೇ?"