ಎಂಜಿನ್‌ಗೆ ನೀರು ಹೊಡೆಸಬಹುದೇ?

ಪ್ರಶ್ನೆ: ನನ್ನದು ಎಂಟು ವರ್ಷದ ಪೆಟ್ರೋಲ್ ಕಾರು. ಕೆಲಸದ ಮೇಲೆ ಕಲಬುರಗಿಯಿಂದ ಶಹಾಬಾದ್, ವಾಡಿ, ಚಿತ್ತಾಪುರದ ಕಡೆ ವಾರಕ್ಕೆ ಮೂರು ನಾಲ್ಕು ದಿನ ಓಡಾಟ. ಬಾನೆಟ್ ಎತ್ತಿದರೆ ಎಂಜಿನ್ ಕಾಣುವುದಿಲ್ಲ, ಧೂಳೇ ಕಾಣುತ್ತದೆ. ಗಾಡಿ ತೊಳೆಯುವ ಅಂಗಡಿಯವರು “ಒಳಗೂ ನೀರು ಹೊಡೆದು ಕೊಡುತ್ತೇವೆ, ಹೊಸದರಂತೆ ಹೊಳೆಯುತ್ತದೆ” ಎನ್ನುತ್ತಾರೆ. ಮೆಕ್ಯಾನಿಕ್ ಮಾತ್ರ “ಮುಟ್ಟಲೇಬೇಡಿ ಸರ್” ಎನ್ನುತ್ತಾನೆ. ಯಾರ ಮಾತು ಕೇಳಲಿ?
(ಸೇಡಂ ರಸ್ತೆಯ ಓದುಗರೊಬ್ಬರು, ಕಲಬುರಗಿ)

ಉತ್ತರ: ಮುಕ್ಕಾಲು ಪಾಲು ಮೆಕ್ಯಾನಿಕ್ ಮಾತು ಕೇಳಿ. ಉಳಿದ ಕಾಲು ಪಾಲನ್ನು ನೀವೇ ಮನೆಯ ಅಂಗಳದಲ್ಲಿ ಒಂದು ಬ್ರಷ್ಷು, ನಾಲ್ಕು ಹಳೆಯ ಬಟ್ಟೆ ಇಟ್ಟುಕೊಂಡು ಮುಗಿಸಬಹುದು.

ನೀರು ತಾಗಿದ ಮಾತ್ರಕ್ಕೆ ಎಂಜಿನ್ ಕೆಡುತ್ತದೆ ಎಂಬುದು ಸುಳ್ಳು. ಮಳೆಗಾಲದಲ್ಲಿ ರಸ್ತೆ ಗುಂಡಿಯ ನೀರು ಕೆಳಗಿನಿಂದ ಚಿಮ್ಮುತ್ತಲೇ ಇರುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಆದರೆ ಚಿಮ್ಮುವ ನೀರಿಗೂ ಪ್ರೆಷರ್ ಗನ್ನಿನ ನೀರಿಗೂ ಅಜಗಜಾಂತರ. ನಿಮ್ಮ ಟೈರಿನ ಗಾಳಿಯ ಒತ್ತಡ ಸುಮಾರು 2.2 ಬಾರ್. ಅಂಗಡಿಯ ಗನ್ನಿನಿಂದ ಹೊರಡುವ ನೀರಿನದು 100 ಬಾರ್ ಆಸುಪಾಸು. ಎಂಜಿನ್ ಸುತ್ತಲಿನ ತಂತಿಗಳನ್ನು ಜೋಡಿಸುವ ಕಪ್ಲರ್‌ಗಳ ಒಳಗೆ ಪುಟ್ಟ ರಬ್ಬರ್ ಸೀಲುಗಳಿರುತ್ತವೆ. ತುಂತುರು, ಸಿಡಿತ ತಡೆಯುವುದಷ್ಟೇ ಅವುಗಳ ಕೆಲಸ. ಎಂಟು ಬೇಸಿಗೆ ನಮ್ಮ ಬಿಸಿಲಿನಲ್ಲಿ ಬೆಂದು ಗಟ್ಟಿಯಾದ ಮೇಲೆ ಅದನ್ನಾದರೂ ಮಾಡುತ್ತವೆಯೋ ಇಲ್ಲವೋ ಅನುಮಾನ. ರೇಡಿಯೇಟರಿನ ತೆಳು ರೆಕ್ಕೆಗಳಂತೂ ಆ ಏಟಿಗೆ ಹಾಸಿಗೆಯಂತೆ ಮಲಗಿಬಿಡುತ್ತವೆ. ಗಾಡಿಯ ಜೊತೆ ಬಂದ ಕೈಪಿಡಿಯನ್ನು ಒಮ್ಮೆ ತೆರೆದು ನೋಡಿ. ಎಂಜಿನ್ ಭಾಗಕ್ಕೆ ಹೆಚ್ಚಿನ ಒತ್ತಡದ ನೀರು ಬೇಡ ಎಂಬ ಎಚ್ಚರಿಕೆ ಬಹಳಷ್ಟು ಕೈಪಿಡಿಗಳಲ್ಲಿರುತ್ತದೆ.

ನನಗೂ ಈ ಬುದ್ಧಿ ಪುಕ್ಕಟೆಯಾಗಿ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಹೀಗೇ ಆಸೆಗೆ ಬಿದ್ದು ರಿಂಗ್ ರಸ್ತೆಯ ಒಂದು ಅಂಗಡಿಯಲ್ಲಿ ಹೊಡೆಸಿದೆ. ಎಂಜಿನ್ ನಿಜಕ್ಕೂ ಹೊಳೆಯಿತು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಮ್ಮತೊಡಗಿತು. ಸ್ಟೇರಿಂಗ್ ಹಿಡಿದ ಕೈ ನಡುಗುವಷ್ಟು ಅದುರು, ಮೀಟರಿನಲ್ಲಿ ಹಳದಿ ದೀಪ. ಮೆಕ್ಯಾನಿಕ್ ಬಂದು ಇಗ್ನಿಷನ್ ಕಾಯಿಲ್ ಮೇಲೆತ್ತಿದರೆ, ಸ್ಪಾರ್ಕ್ ಪ್ಲಗ್ ಕೂರುವ ಕುಳಿಯಲ್ಲಿ ನೀರು ನಿಂತಿತ್ತು. ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಬೇಕಿದ್ದ ವಿದ್ಯುತ್ತು ನೀರಿನ ದಾರಿ ಹಿಡಿದು ಎಂಜಿನ್ ಮೈಗೆ ಸೋರಿಹೋಗುತ್ತಿತ್ತು. ಒಂದು ಸಿಲಿಂಡರ್ ಮುಷ್ಕರ ಹೂಡಿತ್ತು. ಇಂಥ ಹೊತ್ತಿನಲ್ಲಿ “ಓಡಿಸುತ್ತಾ ಹೋಗಿ, ತಾನಾಗಿ ಒಣಗುತ್ತದೆ” ಎನ್ನುವವರು ಹತ್ತು ಜನ ಸಿಗುತ್ತಾರೆ. ಕೇಳಬೇಡಿ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಸುಟ್ಟರೆ ಬರುವ ಬಿಲ್ಲು ನೋಡಿದ ಮೇಲೆ ತೊಳೆಸಿದ ಕೂಲಿ ನೆನಪಿಗೂ ಬರುವುದಿಲ್ಲ. ಆ ದೀಪ ಮಿನುಗುತ್ತಿದ್ದರೆ ಗಾಡಿಯನ್ನು ಅಲ್ಲೇ ಪಕ್ಕಕ್ಕೆ ನಿಲ್ಲಿಸಿ.

ಇನ್ನು ನಿಮ್ಮ ಧೂಳಿನ ವಿಚಾರ. ನಮ್ಮ ಭಾಗದಲ್ಲಿ ಬಾನೆಟ್ ಎತ್ತಿದರೆ ಸಾಕು, ಗಾಡಿ ಯಾವ ಕಡೆ ಓಡಾಡುತ್ತದೆ ಎಂದು ಹೇಳಬಹುದು. ಬೀದರಿನ ಗಾಡಿಯಲ್ಲಿ ಜಂಬಿಟ್ಟಿಗೆಯ ಕೆಂಪು, ಜೇವರ್ಗಿ ಕಡೆಯದರಲ್ಲಿ ಎರೆಮಣ್ಣಿನ ಕಪ್ಪು, ಶಹಾಬಾದಿನ ಕಲ್ಲುಗಣಿಗಳ ಮಗ್ಗುಲಲ್ಲಿ ತಿರುಗುವುದರಲ್ಲಿ ಬೂದು ಬಿಳುಪು. ಈ ಬಣ್ಣ ನೋಡಿಕೊಂಡೇ ಕೆಲಸಕ್ಕೆ ಕೈ ಹಾಕಬೇಕು. ಎರೆಮಣ್ಣಿಗೆ ನೀರು ಬಿದ್ದರೆ ಏನಾಗುತ್ತದೆ ಎಂದು ಹೊಲಕ್ಕೆ ಇಳಿದವರಿಗೆ ಹೇಳಬೇಕಿಲ್ಲ. ಉಬ್ಬುತ್ತದೆ, ಅಂಟುತ್ತದೆ, ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಅದೇ ಮಣ್ಣು ಒಣಗಲು ಬಿಟ್ಟರೆ ಬಿರುಕು ಬಿಟ್ಟು ಹಪ್ಪಳದಂತೆ ಏಳುತ್ತದೆ, ಬ್ರಷ್ಷು ತಾಗಿಸಿದರೆ ಉದುರುತ್ತದೆ. ಕಲ್ಲಿನ ಪುಡಿ ಬರೀ ಪುಡಿ, ನೀರಿಗೆ ಗಟ್ಟಿಯಾಗುವುದಿಲ್ಲ. ಸಿಮೆಂಟು ಹಾಗಲ್ಲ. ವಾಡಿ, ಮಳಖೇಡ, ಸೇಡಂ ಸುತ್ತ ಕಾರ್ಖಾನೆಗಳಿರುವುದರಿಂದ, ಸಿಮೆಂಟು ತುಂಬಿದ ಲಾರಿಗಳ ಹಿಂದೆ ಹೋಗುವ ನಿಮ್ಮ ಗಾಡಿಗೆ ಎರಡೂ ಬೆರೆತು ಬಂದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ನೀರು ಹಾಕಿದರೆ ಸಿಮೆಂಟು ತನ್ನ ಗುಣ ಬಿಡುತ್ತದೆಯೇ? ಸಂದಿಯಲ್ಲಿ ಕಚ್ಚಿಕೊಂಡು ಕೂರುತ್ತದೆ. ಒದ್ದೆ ಸಿಮೆಂಟು ಸುಣ್ಣದಂತೆ ತೀಕ್ಷ್ಣ ಕ್ಷಾರ. ಎಂಜಿನ್ನಿನ ಅಲ್ಯೂಮಿನಿಯಂ ಮೈಯನ್ನು ಕೊರೆಯುತ್ತದೆ. ಆದ್ದರಿಂದ ನಿಮ್ಮ ಕಾರು ಮೊದಲು ಬೇಡುತ್ತಿರುವುದು ಕಸಬರಿಗೆಯನ್ನು. ನೀರಿನ ಮಾತು ಆಮೇಲೆ.

ಧೂಳಿಗಿಂತ ನನಗೆ ಹೆಚ್ಚು ಹೆದರಿಕೆ ಇರುವುದು ಹೊಟ್ಟಿನ ಬಗ್ಗೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಹೊಟ್ಟು ಎಂದಿನಂತೆ ನಮ್ಮ ಬಾನೆಟ್ಟಿಗೇ ಸಿಗುತ್ತಿದೆ. ಡಿಸೆಂಬರ್, ಜನವರಿಯಲ್ಲಿ ರಸ್ತೆ ಬದಿಯಲ್ಲಿ ರಾಶಿ ನಡೆಯುವಾಗ ಹಾರುವ ಹೊಟ್ಟು ಗ್ರಿಲ್ಲಿನಿಂದ ಒಳಗೆ ಬಂದು, ಸೈಲೆನ್ಸರ್ ಕೊಳವೆ ಎಂಜಿನ್ನಿಗೆ ಕೂಡುವ ಜಾಗದ ಸುತ್ತ ನಿಲ್ಲುತ್ತದೆ. ಗಾಡಿ ಓಡುವಾಗ ಆ ಕೊಳವೆ ನೂರಾರು ಡಿಗ್ರಿ ಕಾದಿರುತ್ತದೆ. ಒಣ ಹೊಟ್ಟಿಗೆ ಇನ್ನೇನು ಬೇಕು? ಒಕ್ಕಲೆಂದು ರಸ್ತೆಗೆ ಹಾಸಿದ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿಗಳನ್ನು ನೀವೂ ಓದಿರುತ್ತೀರಿ. ಹಾಸಿದ ಬೆಳೆಯ ಮೇಲೆ ಗಾಡಿ ಹಾಯಿಸಿದ ದಿನ ಸಂಜೆ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು.

ವೈಪರ್ ಕೆಳಗಿನ ಜಾಲರಿಯದೂ ಅದೇ ಕಥೆ. ಬೇವಿನ ಮರದ ನೆರಳಿಲ್ಲದೆ ನಮ್ಮೂರಲ್ಲಿ ಗಾಡಿ ನಿಲ್ಲಿಸಲಾಗುವುದಿಲ್ಲ, ನೆರಳಿನ ಜೊತೆ ಎಲೆಯೂ ಬರುತ್ತದೆ. ಎಲೆ, ಹೊಟ್ಟು ಸೇರಿ ಅಲ್ಲಿನ ನೀರು ಇಳಿಯುವ ತೂತು ಕಟ್ಟಿದರೆ, ಮಳೆ ಬಂದ ದಿನ ಎಡಗಡೆ ಕೂತವರ ಕಾಲ ಬುಡದಲ್ಲಿ ಕೆರೆ. ಅದನ್ನು ಕೈಯಿಂದಲೇ ಆರಿಸಿ ತೆಗೆಯಿರಿ.

ಬ್ರಷ್ಷು ಹಿಡಿಯುವ ಮುನ್ನ ಇನ್ನೊಂದು ನೋಟ. ಇಲಿ ಹಿಕ್ಕೆ, ಚಿಂದಿ, ಕಾಳು ಕಂಡವೇ? ಗಂಜ್ ಸುತ್ತಮುತ್ತ, ದಾಲ್ ಮಿಲ್ಲುಗಳ ಹತ್ತಿರ ರಾತ್ರಿ ನಿಲ್ಲುವ ಗಾಡಿಗಳಲ್ಲಿ ಇದು ಸಾಮಾನ್ಯ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಿ ಗಾಳಿಗೆ ಎಬ್ಬಿಸಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಸೋಂಕುನಾಶಕದಲ್ಲಿ ನೆನೆಸಿದ ಬಟ್ಟೆಯಿಂದ ಒತ್ತಿ ತೆಗೆದು ಆ ಬಟ್ಟೆಯನ್ನೇ ಎಸೆಯಿರಿ. ಒಣದಾಗಿ ಗುಡಿಸಬೇಕೆಂದು ಇಷ್ಟು ಹೊತ್ತು ಹೇಳಿದ ನಾನೇ ಇಲ್ಲಿ ಮಾತು ಬದಲಿಸುತ್ತಿದ್ದೇನೆ, ಗೊತ್ತು. ತಂತಿಯ ಮೇಲೆ ಹಲ್ಲಿನ ಗುರುತು ಕಂಡರೆ ಕೆಲಸ ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ.

ಎಣ್ಣೆಯ ಕಲೆಗಳನ್ನೂ ಒರೆಸುವ ಮೊದಲು ಫೋಟೊ ತೆಗೆದುಕೊಳ್ಳಿ. ಎಂಜಿನ್ ತಲೆಯ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ, ಅಂಚಿನಲ್ಲಿ ಧೂಳು ಒದ್ದೆಯಾಗಿ ಕಪ್ಪಗೆ ಮೆತ್ತಿಕೊಂಡಿದ್ದರೆ ಅಲ್ಲಿನ ಪ್ಯಾಕಿಂಗ್ ಸೋರುತ್ತಿದೆ ಎಂದು ಅರ್ಥ. ಒರೆಸಿಬಿಟ್ಟರೆ ರೋಗದ ಗುರುತೇ ಹೋಯಿತು. ನಿಮ್ಮ ಮೆಕ್ಯಾನಿಕ್ “ಮುಟ್ಟಬೇಡಿ” ಎನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು. ಒರೆಸಿದ ಮೇಲೆ ವಾರ ಬಿಟ್ಟು ನೋಡಿದರೆ ಹೊಸ ಎಣ್ಣೆ ಎಲ್ಲಿಂದ ಜಿನುಗುತ್ತಿದೆ ಎಂದು ನಿಚ್ಚಳವಾಗಿ ಕಾಣುತ್ತದೆ. ಇಡೀ ಶುಚಿ ಕೆಲಸದಲ್ಲಿ ನನಗೆ ಲಾಭ ಎನ್ನಿಸುವುದು ಇದೊಂದೇ. ಎಂಜಿನ್ ಹೊಳೆದರೆ ಮೈಲೇಜು ಹೆಚ್ಚುವುದಿಲ್ಲ.

ಕೆಲಸ ಬೆಳಿಗ್ಗೆ ಮಾಡಿ, ಗಾಡಿ ಇನ್ನೂ ಚಾಲೂ ಆಗಿರದ ಹೊತ್ತಿಗೆ. ಕಾದ ಎಂಜಿನ್ನಿಗೆ ತಣ್ಣೀರು ತಾಗಿದರೆ ಎರಕದ ಭಾಗ ಬಿರುಕು ಬಿಡಬಹುದು, ಕೈ ಸುಡುವುದಂತೂ ಖಂಡಿತ. ರೇಡಿಯೇಟರ್ ಮುಚ್ಚಳವನ್ನು ಬಿಸಿ ಇದ್ದಾಗ ಯಾವ ಕಾರಣಕ್ಕೂ ತಿರುಗಿಸಬೇಡಿ. ಒಳಗಿನ ಕೂಲಂಟ್ ಒತ್ತಡದಲ್ಲಿರುತ್ತದೆ, ಮುಖಕ್ಕೇ ಹಾರುತ್ತದೆ. ಕೈಯ ಉಂಗುರ, ಗಡಿಯಾರ ತೆಗೆದಿಟ್ಟು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಬಹಳಷ್ಟು ಗಾಡಿಗಳಿಗೆ ಹತ್ತರ ಪಾನಾ ಸಾಕು. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ಕೊನೆಗೆ. ಕೆಲವು ಗಾಡಿಗಳಲ್ಲಿ ಕೀಲಿ ತೆಗೆದಿದ್ದರೂ ರೇಡಿಯೇಟರ್ ಫ್ಯಾನು ತಾನಾಗಿ ತಿರುಗತೊಡಗುತ್ತದೆ. ಬೆರಳು ಉಳಿಯಬೇಕಾದರೆ ತಂತಿ ಬಿಚ್ಚಿರಬೇಕು. ಕಾರಿನ ಗಡಿಯಾರದ ಸಮಯ ಮತ್ತೆ ಕೂಡಿಸಬೇಕಾಗುತ್ತದೆ, ಅಷ್ಟು ತೊಂದರೆ ಸಹಿಸಿಕೊಳ್ಳಿ.

ಎರಡು ಇಂಚಿನ ಪೇಂಟ್ ಬ್ರಷ್ಷು ದೊಡ್ಡ ಜಾಗಕ್ಕೆ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಂದಿಗೊಂದಿಗೆ. ಪೇಂಟ್ ಬ್ರಷ್ಷಿನ ತಗಡಿನ ಪಟ್ಟಿಗೆ ಇನ್ಸುಲೇಷನ್ ಟೇಪು ಸುತ್ತಿದರೆ ಬ್ಯಾಟರಿ ಹತ್ತಿರ ಕಿಡಿಯ ಭಯವಿಲ್ಲ. ಮೇಲಿನಿಂದ ಕೆಳಕ್ಕೆ ಗುಡಿಸುತ್ತಾ ಬನ್ನಿ. ಮನೆಯಲ್ಲಿ ಬ್ಲೋವರ್ ಇದ್ದರೆ ದೂರದಿಂದ ಊದಿ. ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಹೊರಗಡೆಗೆ ಊದಬೇಕು, ಧೂಳು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಸ್ಪಾರ್ಕ್ ಪ್ಲಗ್ಗಿನ ಸುತ್ತಲಿನ ಧೂಳನ್ನು ಕಾಯಿಲ್ ಬಿಚ್ಚುವ ಮುನ್ನವೇ ತೆಗೆದಿರಬೇಕು. ಇಲ್ಲದಿದ್ದರೆ ಮುಂದೆ ಪ್ಲಗ್ ಬಿಚ್ಚಿದ ದಿನ ಅದೆಲ್ಲ ಸಿಲಿಂಡರಿನೊಳಕ್ಕೆ ಬೀಳುತ್ತದೆ. ಇಷ್ಟಕ್ಕೇ ನಿಮ್ಮ ಗಾಡಿಯ ಕೊಳೆ ಬಹುಪಾಲು ಹೋಗಿರುತ್ತದೆ.

ಉಳಿದದ್ದು ಜಿಡ್ಡು. ನೀರಿನಲ್ಲಿ ಕರಗುವ ಡಿಗ್ರೀಸರ್ ತಂದು, ಬಾಟಲಿಯ ಮೇಲೆ ಹೇಳಿದಷ್ಟು ತೆಳ್ಳಗೆ ಮಾಡಿ, ಬ್ರಷ್ಷಿಗೆ ಹಚ್ಚಿ. ಎಂಜಿನ್ ಮೇಲೆ ಸಿಂಪಡಿಸಬೇಡಿ. ಉಜ್ಜಿ, ಒಣಗಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಕಲೆ ಉಳಿಯುತ್ತದೆ. ಬೆಲ್ಟಿಗೆ ಮಾತ್ರ ಸೋಪು, ಎಣ್ಣೆ, ಪಾಲಿಶ್ ಯಾವುದೂ ತಾಗಕೂಡದು, ಕಿರುಚತೊಡಗುತ್ತದೆ. ಬ್ಯಾಟರಿ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬ್ರಷ್ಷು ಅದ್ದಿ ಉಜ್ಜಿ. ಅದು ನೊರೆಯುಕ್ಕಿ ಆಮ್ಲವನ್ನು ಕೊಲ್ಲುತ್ತದೆ. ಬ್ಯಾಟರಿಯ ಬಾಯಿಯೊಳಗೆ ಒಂದು ಹನಿಯೂ ಇಳಿಯದಂತೆ ನೋಡಿಕೊಳ್ಳಿ. ಒಣಗಿಸಿ, ತಂತಿ ಕೂಡಿಸಿದ ಮೇಲೆ ತುದಿಗಳಿಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಒರೆಸುವ ನೀರಿನ ಬಗ್ಗೆ ಒಂದು ಮಾತು. ನಮ್ಮ ಬೋರ್‌ವೆಲ್ ನೀರು ಗಡಸು. ಒಣಗಿದ ಕಡೆಯೆಲ್ಲ ಬಿಳಿ ಚುಕ್ಕೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಾಡಿಗೆ ಬಳಸುವವರಿದ್ದಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಯಂತ್ರ ಬೇಡವೆಂದು ಬಿಟ್ಟ ಲವಣವೆಲ್ಲ ಅದರಲ್ಲೇ ಇರುತ್ತದೆ, ಮೂಲ ನೀರಿಗಿಂತ ಅದು ಹೆಚ್ಚು ಉಪ್ಪು. ಅಂಗಳ ತೊಳೆಯಲು ಸರಿ, ಎಂಜಿನ್ನಿಗೆ ಬೇಡ. ಇಲ್ಲಿಗೆ ಅರ್ಧ ಬಕೆಟ್ ಸಿಹಿನೀರು ಸಾಕು.

ಪೂರ್ತಿ ನೀರು ಹಾಕಿಯೇ ತೊಳೆಯಬೇಕಾದಷ್ಟು ಜಿಡ್ಡಿದ್ದರೆ? ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಎಂಜಿನ್ನಿನ ಕಂಪ್ಯೂಟರ್ ಡಬ್ಬಿ, ಗಾಳಿ ಎಳೆಯುವ ಕೊಳವೆಯ ಬಾಯಿ, ಕಾಯಿಲ್‌ಗಳು ಇವಕ್ಕೆಲ್ಲ ಪ್ಲಾಸ್ಟಿಕ್ ಚೀಲ ಕಟ್ಟಿ, ತೋಟದ ಪೈಪಿನಿಂದ ಹೂಗಿಡಕ್ಕೆ ಹಾಕುವಂತೆ ಮೆಲ್ಲಗೆ ಒಂದೆರಡು ನಿಮಿಷ ಹರಿಸಿ. ನಿಮ್ಮ ಗಾಡಿಗೆ ಇದು ಬೇಕಾಗಲಿಕ್ಕಿಲ್ಲ. ಒಣಗಿದ ಮೇಲೆ ಚೀಲಗಳನ್ನೆಲ್ಲ ಬಿಚ್ಚಿ, ಬ್ಯಾಟರಿ ಕೂಡಿಸಿ, ಬಾನೆಟ್ ತೆರೆದೇ ಇಟ್ಟು ಹತ್ತು ಹದಿನೈದು ನಿಮಿಷ ಎಂಜಿನ್ ಓಡಲು ಬಿಡಿ. ವಿದ್ಯುತ್ ಅಥವಾ ಹೈಬ್ರಿಡ್ ಕಾರಾದರೆ ಕಿತ್ತಳೆ ಬಣ್ಣದ ತಂತಿಗಳ ಹತ್ತಿರ ಕೈಯೇ ಹಾಕಬೇಡಿ, ಅವುಗಳಲ್ಲಿ ಹರಿಯುವುದು ಪ್ರಾಣ ತೆಗೆಯುವ ವೋಲ್ಟೇಜು.

ಡೀಸೆಲ್ ಅಥವಾ ಸೀಮೆ ಎಣ್ಣೆ ಹೊಡೆದು ಹೊಳಪು ತರುವ ಅಭ್ಯಾಸ ಹಳೆಯ ಗ್ಯಾರೇಜುಗಳಲ್ಲಿ ಇನ್ನೂ ಇದೆ. ನಾನು ಅದಕ್ಕೆ ಒಪ್ಪುವುದಿಲ್ಲ. ಬೆಂಕಿಯ ಭಯ ಒಂದು ಕಡೆ. ಕೂಲಂಟ್ ಹರಿಯುವ ರಬ್ಬರ್ ಕೊಳವೆಗಳು ಎಣ್ಣೆ ಕುಡಿದು ಊದಿ ಮೆತ್ತಗಾಗುವುದು ಇನ್ನೊಂದು ಕಡೆ. ಎಣ್ಣೆ ಹಚ್ಚಿದ ಎಂಜಿನ್ ವಾಡಿ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದರೆ ಎಷ್ಟು ಧೂಳು ಹಿಡಿದಿರುತ್ತದೆ ಎಂದು ನೀವೇ ಊಹಿಸಿ. ಜಿಡ್ಡು ಜಿಡ್ಡಾಗಿ ಹೊಳೆಯುವ ಪಾಲಿಶ್‌ಗೂ ಇದೇ ಮಾತು.

ನಿಮ್ಮ ಓಡಾಟಕ್ಕೆ ತಿಂಗಳಿಗೊಮ್ಮೆ ಒಣ ಬ್ರಷ್ಷು, ವರ್ಷಕ್ಕೆರಡು ಸಲ ಒದ್ದೆ ಬಟ್ಟೆ ಸಾಕು: ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಮುಂಗಾರಿಗೆ ಮುನ್ನ ಒಮ್ಮೆ. ಮೊದಲ ಸಲ ಒಂದೂವರೆ ಗಂಟೆ ಹಿಡಿಯಬಹುದು. ಬಾನೆಟ್ ಮುಚ್ಚುವ ಮುನ್ನ ಬಟ್ಟೆಗಳನ್ನು ಎಣಿಸಿ. ನಾಲ್ಕು ಒಯ್ದಿದ್ದರೆ ನಾಲ್ಕೂ ಹೊರಗೆ ಬಂದಿರಬೇಕು.