ಏಳನೆಯ ಸಲವೂ ಹೋಗಿ ನೋಡು: 1 ಅರಸುಗಳು 18ರಿಂದ ಪ್ರಾರ್ಥನೆಯ ಪಾಠ

ವಾಗ್ದಾನಗಳನ್ನು ಹೊಂದುವವರು ನಂಬಿ ತಾಳಿಕೊಂಡವರು ಎನ್ನುತ್ತದೆ ಇಬ್ರಿಯ 6:12. ನಂಬಿಕೆ ಸರಿ, ಅದರ ಜೊತೆಗೆ ತಾಳ್ಮೆ ಯಾಕೆ? ಇದನ್ನು ನನಗೆ ಬಿಡಿಸಿ ಹೇಳಿದ್ದು ಪ್ರವಾದಿ ಎಲೀಯನ ಜೀವನದ ಒಂದೇ ಒಂದು ದಿನ.

ಕರ್ಮೆಲ್ ಬೆಟ್ಟದಲ್ಲಿ ಬಲಿಯ ಮೇಲೆ ಬೆಂಕಿ ಬೀಳಲೆಂದು ಅವನು ಮಾಡಿದ್ದು ಎರಡೇ ವಚನಗಳ ಪ್ರಾರ್ಥನೆ (36-37). ಕೂಡಲೇ ಬೆಂಕಿ ಬಿತ್ತು. ಅದೇ ದಿನ ಮಳೆಗಾಗಿ ಬೆಟ್ಟದ ತುದಿಗೆ ಹೋಗಿ, ನೆಲಕ್ಕೆ ಬಾಗಿ, ಮೊಣಕಾಲುಗಳ ನಡುವೆ ಮುಖವಿಟ್ಟ. ಸಮುದ್ರದ ಕಡೆ ನೋಡಿಬಂದ ಸೇವಕ ‘ಏನೂ ಇಲ್ಲ’ ಅಂದ. ಏಳು ಸಲ ಹೋಗಿ ನೋಡಬೇಕಾಯಿತು. ಪ್ರಾರ್ಥಿಸಿದವನು ಅವನೇ, ಕೇಳಿದ ದೇವರೂ ಅವರೇ. ಅಷ್ಟರೊಳಗೆ ಎಲೀಯನ ನಂಬಿಕೆ ಕರಗಿಹೋಯಿತೇ? ಉತ್ತರ ತಡವಾದ ಯಾರಿಗಾದರೂ ‘ನಿಮ್ಮ ನಂಬಿಕೆ ಸಾಲದು’ ಅನ್ನುವ ಮೊದಲು ದಯವಿಟ್ಟು ಈ ಅಧ್ಯಾಯ ಓದಿ. ನೊಂದವರ ತಲೆಯ ಮೇಲೆ ಆ ಮಾತು ಕಲ್ಲಿನ ಹೊರೆ.

ಇನ್ನೊಂದು ವಿಷಯ. ಮಳೆ ಕೊಡುವೆನೆಂದು ದೇವರು ಮೊದಲನೆಯ ವಚನದಲ್ಲೇ ಹೇಳಿದ್ದರು. ಹಾಗಿದ್ದರೂ ಎಲೀಯ ಸುಮ್ಮನೆ ಕೂರಲಿಲ್ಲ. ಆ ಮಾತನ್ನೇ ಹಿಡಿದು ಕೇಳಿದ. ನಾವೂ ಒಂದು ವಚನವನ್ನು ಕೈಯಲ್ಲಿ ಹಿಡಿದು ಪ್ರಾರ್ಥಿಸಿದಾಗ ಆರನೆಯ ‘ಏನೂ ಇಲ್ಲ’ದ ನಂತರವೂ ಮೊಣಕಾಲೂರಲು ಕಾರಣವಿರುತ್ತದೆ. ಕೊನೆಗೆ ಕಂಡದ್ದು ಅಂಗೈಯಷ್ಟು ಮೋಡ. ಅಷ್ಟಕ್ಕೇ ಅವನು ಅರಸ ಅಹಾಬನಿಗೆ ರಥ ಹೂಡಲು ಹೇಳಿಕಳುಹಿಸಿದ.

ಕಾಯುವಾಗ ಎಡವುವುದೂ ಉಂಟು. ಅಬ್ರಹಾಮ ಸಂತತಿಯ ವಾಗ್ದಾನ ನಂಬಿ ಹೊರಟಾಗ 75 ವರ್ಷ, ಇಸಾಕ ಹುಟ್ಟಿದಾಗ 100. ನಡುವೆ, 86ರಲ್ಲಿ, ಹೆಂಡತಿ ಸಾರಳ ದಾಸಿ ಹಾಗರಳಿಂದ ಇಷ್ಮಾಯೇಲ. ಅಬ್ರಹಾಮನೂ ಸಾರಳೂ ದೇವರನ್ನು ಬಿಟ್ಟುಬಿಡಲಿಲ್ಲ, ಆದರೆ ದೇವರ ಕೆಲಸವನ್ನು ತಾವೇ ಮುಗಿಸಲು ಹೊರಟರು. ಅದರ ನೋವನ್ನು ಉಂಡವರು ಹಾಗರಳು ಮತ್ತು ಅವಳ ಮಗ. ನನಗೆ ಓದಲು ತೀರಾ ಕಷ್ಟವಾಗುವ ಭಾಗ ಇದು.

ತಾಳಿಕೊಂಡರೆ ಕೇಳಿದ್ದೇ ಸಿಗುತ್ತದೆ ಎಂದೂ ಅಲ್ಲ. ಅಪೊಸ್ತಲ ಪೌಲ ತನ್ನ ಶರೀರದಲ್ಲಿ ಮುಳ್ಳಿನಂತೆ ನಾಟಿದ್ದ ಬಾಧೆ ತೊಲಗಲೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು (2 ಕೊರಿಂಥ 12:8-9).

ಸಂಶಯ ಪೂರ್ತಿ ಹೋಗುವವರೆಗೆ ಪ್ರಾರ್ಥಿಸಲು ಹಿಂಜರಿಯುವವರು ಮಾರ್ಕ 9:24 ನೋಡಿ. ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಎಂದು ಕೂಗಿದ, ದುರಾತ್ಮ ಹಿಡಿದ ಹುಡುಗನ ತಂದೆಯನ್ನು ಯೇಸುಸ್ವಾಮಿ ಗದರಿಸಲಿಲ್ಲ. ಗದರಿಸಿದ್ದು ದುರಾತ್ಮವನ್ನು, ಆಮೇಲೆ ಹುಡುಗನ ಕೈಹಿಡಿದು ಎಬ್ಬಿಸಿದರು.